ಮರ ಅವರದು, ಹತ್ತುವ ಜೀವ ನಮ್ಮದು

ನಾವು ಕಾಲೇಜಿನಲ್ಲಿ ಫಸ್ಟ್ ಕ್ಲಾಸ್ ಬಂದಾಗ ನಮ್ಮಪ್ಪಂದಿರ ಹೆಸರು ಊರಿನ ಯಾರಿಗೂ ನೆನಪಾಗುವುದಿಲ್ಲ. ಮೇ ತಿಂಗಳ ಕೊನೆಗೆ ಮೋಡ ಕಟ್ಟಿ, ಅಂಗಳದ ಹಲಸಿನ ಗೆಲ್ಲು ಕರೆಂಟಿನ ತಂತಿಗೆ ಉಜ್ಜಿ ಕಿಡಿ ಹಾರಿದಾಗ ಥಟ್ಟನೆ ನೆನಪಾಗುತ್ತದೆ. "ಏ, ಬಾ ಕಾಂಬ, ಆ ಗೆಲ್ಲ್ ಒಂಚೂರ್ ಕಡ್ದ್ ಹಾಕ್." ಅರವತ್ತು ದಾಟಿದ ಮನುಷ್ಯನನ್ನು ಇಪ್ಪತ್ತರ ಹುಡುಗ ಕರೆಯುವ ರೀತಿ ಇದು. ಕತ್ತಿ ನಮ್ಮದೇ, ಹಗ್ಗ ನಮ್ಮದೇ. ಕೂಲಿ ಮೊದಲೇ ಮಾತಾಡುವ ಪದ್ಧತಿ ಇಲ್ಲ.

ನಮ್ಮ ಬಳಗದ ಒಬ್ಬ ಗೆಳೆಯನ ಅಪ್ಪ ಹೀಗೇ ಹತ್ತಿದರು. ಮನೆಯವರು "ಮೇನ್ ಆಫ್ ಮಾಡಿದ್ದೆ, ಹತ್ತ್" ಎಂದರು. ಮನೆಯ ಮೇನ್ ಸ್ವಿಚ್ಚಿಗೂ ರಸ್ತೆ ಮೇಲಿನ ತಂತಿಗೂ ಏನು ಸಂಬಂಧ? ಸ್ವಿಚ್ಚು ಆರಿಸಿದರೆ ಮನೆಯೊಳಗಿನ ಫ್ಯಾನು ನಿಲ್ಲುತ್ತದೆ, ತಂತಿಯಲ್ಲಿ ಕರೆಂಟು ಹಾಗೇ ಇರುತ್ತದೆ. ಕಡಿದ ಹಸಿ ಗೆಲ್ಲು ತಂತಿಯ ಮೇಲೆ ಬಿತ್ತು. ಅವರು ಕೆಳಗೆ ಬಿದ್ದರು. ಜೀವ ಉಳಿಯಿತು, ಬಲಗೈಯ ಎರಡು ಬೆರಳು ಹೋದವು. ಊರವರು ಗ್ರಹಚಾರ ಅಂದರು. ಈ ಗ್ರಹಚಾರ ಯಾವಾಗಲೂ ನಮ್ಮ ಕಾಲನಿಯ ದಾರಿಯನ್ನೇ ಹುಡುಕಿಕೊಂಡು ಬರುವುದು ಹೇಗೆ ಎಂದು ನಾವು ಕೇಳುತ್ತೇವೆ.

ಕರೆಂಟಿನ ಸಂಗತಿ ನಮ್ಮ ಅಪ್ಪಂದಿರಿಗೆ ಯಾರೂ ಹೇಳಿಕೊಟ್ಟಿಲ್ಲ. ಬಿ.ಎ. ಓದಿದ ನಮಗೂ ಗೊತ್ತಿರಲಿಲ್ಲ, ಲೈನ್‌ಮನ್ ಗೆಳೆಯರನ್ನು ಕೇಳಿ ತಿಳಿದುಕೊಂಡೆವು. ಒಂದೇ ಕಂಬದಲ್ಲಿ ಮೇಲೆ 11,000 ವೋಲ್ಟಿನ ಲೈನು, ಕೆಳಗೆ ಮನೆಗಳಿಗೆ ಹೋಗುವ 230 ವೋಲ್ಟಿನ ಲೈನು ಇರುವುದುಂಟು. ಎರಡೂ ಹೆಚ್ಚಾಗಿ ಬರಿ ಅಲ್ಯೂಮಿನಿಯಂ ತಂತಿ, ಮೇಲೆ ಹೊದಿಕೆ ಇಲ್ಲ. ಮೇಲಿನದ್ದನ್ನು ಮುಟ್ಟಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ. ಹಸಿ ಮರದಲ್ಲಿ, ಒದ್ದೆ ಬಿದಿರಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ಏಣಿ, ದೋಟಿಯ ಮಾತಂತೂ ಬೇಡವೇ ಬೇಡ. ಈಗ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಎಷ್ಟು ಬೇಕಾದರೂ ಉದ್ದ. ಕಬ್ಬಿಣ ಅಲ್ಲವಲ್ಲ ಎಂದು ಮೋಸಹೋಗಬೇಡಿ, ಕಾರ್ಬನ್ನಿನಲ್ಲೂ ಕರೆಂಟು ಹರಿಯುತ್ತದೆ. ಕಾಲಿನ ಹವಾಯಿ ಚಪ್ಪಲಿ ಯಾರನ್ನೂ ಕಾಯುವುದಿಲ್ಲ.

"ಕರೆಂಟ್ ಹೋಯ್ತ್, ಈಗ ಕಡಿ" ಎನ್ನುವ ಮಾತು ಎಲ್ಲಕ್ಕಿಂತ ಅಪಾಯದ್ದು. ಹೋದ ಕರೆಂಟು ಹೇಳದೆ ಕೇಳದೆ ವಾಪಸು ಬರುತ್ತದೆ. ಲೈನು ಟ್ರಿಪ್ ಆದರೆ ಸ್ಟೇಷನ್ನಿನವರು ಮತ್ತೆ ಚಾರ್ಜ್ ಮಾಡಿ ನೋಡುವುದುಂಟು. ಯಾರದೋ ಮನೆಯ ಜನರೇಟರು ಸರಿಯಾಗಿ ಜೋಡಿಸಿರದಿದ್ದರೆ ಅದರಿಂದಲೂ ತಂತಿಗೆ ಜೀವ ಬರುತ್ತದೆ. ಅದಕ್ಕೇ ಲೈನ್‌ಮನ್‌ಗಳು ಮೊದಲು ಎಲ್.ಸಿ. ಪಡೆಯುತ್ತಾರೆ, ಕಂಬದ ಮೇಲಿನ ಸ್ವಿಚ್ಚು ತೆರೆಯುತ್ತಾರೆ, ಪರೀಕ್ಷಿಸುತ್ತಾರೆ, ಎರಡೂ ಕಡೆ ಅರ್ತ್ ಮಾಡುತ್ತಾರೆ. ಆಮೇಲೆಯೇ ಕತ್ತಿ. ಗೆಲ್ಲಿಗೆ ಹಗ್ಗ ಕಟ್ಟಿ ತಂತಿಯ ವಿರುದ್ಧ ದಿಕ್ಕಿಗೆ ಎಳೆಯುತ್ತಾರೆ. ಇಷ್ಟೂ ಆಗದೆ ಹತ್ತು ಎನ್ನುವವನು ಕೊಲೆಗೆ ಕರೆಯುತ್ತಿದ್ದಾನೆ.

ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ ನೆಲದಡಿಯ ವಾರಾಹಿ ವಿದ್ಯುದಾಗಾರ 1989ರಲ್ಲಿ ಶುರುವಾಯಿತು. ಈಗ ಅದರ ಸಾಮರ್ಥ್ಯ 460 ಮೆಗಾವ್ಯಾಟ್. ನಮ್ಮ ಕಾಲನಿಗಳಿಗೆ ಕರೆಂಟು ಬಂದದ್ದು ಭಾಗ್ಯಜ್ಯೋತಿಯ ಒಂದು ಬಲ್ಬಾಗಿ. (ಆ ಕತೆ ಇನ್ನೊಂದು ಸಂಚಿಕೆಗೆ ಇರಲಿ.) 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಗಾಳಿಯನ್ನು ಮರವಂತೆ, ಬೈಂದೂರು ಕಡಲ ಬದಿಯವರು ಮರೆತಿಲ್ಲ. ಗಾಳಿಮರ, ಅಕೇಶಿಯಾ, ತೆಂಗು ಗಾಳಿಗೆ ಬೀಳುವಾಗ ಕಂಬವನ್ನೂ ತಂತಿಯನ್ನೂ ಎಳೆದುಕೊಂಡೇ ಬೀಳುತ್ತವೆ. ಬಿದ್ದ ತಂತಿಯ ಸುತ್ತ ಒದ್ದೆ ನೆಲವೂ ಕರೆಂಟೇ. ದೂರ ನಿಲ್ಲಿ, ಮಕ್ಕಳನ್ನೂ ದನಗಳನ್ನೂ ಬಿಡಬೇಡಿ, 1912ಕ್ಕೆ ಫೋನ್ ಮಾಡಿ.

ಕಾನೂನು ನಮ್ಮ ಕಡೆಗೂ ಇದೆ, ಓದುವವರು ಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 68ನೇ ಕಲಮಿನ ಪ್ರಕಾರ ಲೈನಿಗೆ ಅಡ್ಡ ಬರುವ ಮರವನ್ನು ತೆಗೆಸಲು ಅಧಿಕಾರಿ ಇದ್ದಾರೆ. ಲೈನು ಎಳೆಯುವ ಮೊದಲೇ ಮರ ಅಲ್ಲಿತ್ತೆಂದಾದರೆ ಮರದವರಿಗೆ ಪರಿಹಾರ ಕೊಡಬೇಕು. ಐದು ಸೆಂಟ್ಸಿನಲ್ಲಿ ಎರಡು ತೆಂಗು ಇರುವ ನಮ್ಮವ್ವನಿಗೂ ಇದು ಅನ್ವಯ. ತೆಂಗನ್ನು ಮಾವಿನ ಹಾಗೆ ಸವರಲಾಗುವುದಿಲ್ಲ, ಸುಳಿ ಕಡಿದರೆ ಮರವೇ ಸತ್ತಿತು. ಇನ್ನೊಂದು: 1997ರಲ್ಲಿ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಬಡವನೊಬ್ಬ ಮಳೆನೀರಿನಲ್ಲಿ ಬಿದ್ದಿದ್ದ ತಂತಿಗೆ ಸತ್ತ. ಯಾರೋ ಕರೆಂಟು ಕದ್ದದ್ದರಿಂದ ಹೀಗಾಯಿತು, ತಪ್ಪು ನಮ್ಮದಲ್ಲ ಎಂದಿತು ಮಂಡಳಿ. 2002ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಇಂಥ ಅಪಾಯದ ವಸ್ತುವನ್ನು ಹರಿಸುವವರೇ ಹೊಣೆ, ನಿರ್ಲಕ್ಷ್ಯ ಇರಲಿ ಇಲ್ಲದಿರಲಿ ಎಂದಿತು.

ಹಾಸ್ಟೆಲಿನ ಗೆಳೆಯರೆ, ರಜೆಗೆ ಊರಿಗೆ ಹೋದಾಗ ಕಾಲನಿಯಲ್ಲಿ ಒಂದು ಸುತ್ತು ಬನ್ನಿ. ಯಾವ ಕಂಬದ ಹತ್ತಿರ ಯಾವ ಮರ, ಕಂಬದ ನಂಬರು ಎಷ್ಟು, ಬರೆದುಕೊಳ್ಳಿ. ಏಪ್ರಿಲ್ ಒಳಗೆ ಮೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಡಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಬನ್ನಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆಯವರು ಮುಂದಿನ ಸಭೆಗೆ ಆ ಪ್ರತಿ ತನ್ನಿ, ಒಟ್ಟು ಸೇರಿಸೋಣ. ಅಷ್ಟರೊಳಗೆ ಯಾರಾದರೂ ಅಪ್ಪನನ್ನು ಕರೆಯಲು ಬಂದರೆ ನೀವೇ ಎದುರು ಹೋಗಿ ಕೇಳಿ: "ಎಲ್.ಸಿ. ತಕಂಡಿರಾ?"