ಹಿಮವಿಲ್ಲದ ನಾಡಿನ ಹಿಮಕ್ರೀಡೆ

ಮನ್ನಾಏಖೇಳ್ಳಿಯ ಕೆಮ್ಮಣ್ಣಿನಲ್ಲಿ ಬಾಳುವ ನಮಗೆ ಹಿಮವೆಂಬುದು ಕಾವ್ಯಗಳಲ್ಲಿ ಓದಿ ಬಲ್ಲ ವಸ್ತು. ಹೀಗಿರಲು, 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 5 ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚಿನ ಪದಕ ಗಳಿಸಿದುದು ಸಾಮಾನ್ಯ ವಾರ್ತೆಯಲ್ಲ. ಈ ಕ್ರೀಡೆಯಲ್ಲಿ ಅಂತರರಾಷ್ಟ್ರೀಯ ಪದಕ ಪಡೆದ ಭಾರತದ ಪ್ರಥಮ ಮಹಿಳೆ ಅವರು.

ಇದು ಬೆಟ್ಟದ ಇಳಿಜಾರಿನಲ್ಲಿ ಸರ್ರನೆ ಜಾರಿಬರುವ ಆಟವಲ್ಲ. ಏರು, ಇಳಿವು, ಸಮತಲಗಳನ್ನೆಲ್ಲ ಕೈಗೋಲುಗಳನ್ನೂರಿ, ತನ್ನ ಉಸಿರನ್ನೇ ನೆಚ್ಚಿ ದಾಟಬೇಕು. ಅದಕ್ಕೆ ಬೇಕಾದುದು ದೀರ್ಘಕಾಲದ ಅಭ್ಯಾಸ. ಅಭ್ಯಾಸಕ್ಕೆ ಬೇಕಾದುದು ಹಿಮ. ಕನ್ನಡನಾಡಿನಲ್ಲಿ ಅದಿಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿಯೂ ಅದನ್ನು ನಂಬುವಂತಿಲ್ಲ: 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮದ ಅಭಾವದಿಂದ ಮಾರ್ಚಿಗೆ ಮುಂದೆ ಹೋದವು. ನಮ್ಮಲ್ಲಿ ಮಳೆಗಾಲವಿರುವಾಗ ಭೂಮಧ್ಯರೇಖೆಯ ದಕ್ಷಿಣದಲ್ಲಿ ಚಳಿಗಾಲ. ಆ ತಿಂಗಳುಗಳಲ್ಲಿ ಹಿಮವನ್ನು ಅರಸುವವರಿಗೆ ಚಿಲಿಯಂಥ ದೂರದೇಶಗಳೇ ಗತಿ.

ಆದುದರಿಂದ ಇಲ್ಲಿ ಪ್ರತಿಭೆಯಷ್ಟೇ ಪ್ರಯಾಣವೂ ಮುಖ್ಯ; ಪ್ರಯಾಣಕ್ಕೆ ಹಣ ಬೇಕು. ನಾನು ಹೇಳಬಯಸುವುದಿಷ್ಟೆ: ಪದಕ ಬಂದಾಗ ಅದು ನಾಡಿನದೆಂದು ಹಿಗ್ಗುವ ನಾವು, ಪದಕಕ್ಕೆ ಮುಂಚಿನ ವೆಚ್ಚವೂ ನಾಡಿನದೇ ಎಂದು ಒಪ್ಪಬೇಕು. ಕೀರ್ತಿಯಲ್ಲಿ ಪಾಲು ಕೇಳುವವರು ದುಡಿಮೆಯಲ್ಲಿಯೂ ಪಾಲುಗೊಳ್ಳುವುದು ನ್ಯಾಯವಲ್ಲವೆ?