ಕಾರ್ಡಿನೊಳಗಿನ ಚಿತ್ರಗಳು ಕಾಣದಾದಾಗ

ಹಿಂದೆ ನಮ್ಮ ಮನೆಗಳಲ್ಲಿ ಭಾವಚಿತ್ರಗಳಿಗೆ ಗೋಡೆಯ ಮೇಲೊಂದು ಸ್ಥಾನವಿತ್ತು. ಹಿರಿಯರದು ಚೌಕಟ್ಟಿನೊಳಗೆ, ಉಳಿದವರದು ಕಪಾಟಿನಲ್ಲಿಟ್ಟ ಆಲ್ಬಮಿನೊಳಗೆ. ಗೆದ್ದಲು ಹಿಡಿದರೂ ಮಳೆಯ ತೇವಕ್ಕೆ ಮಸುಕಾದರೂ ಅದು ಕಣ್ಣಿಗೆ ಕಾಣುತ್ತಿತ್ತು. ಆದುದರಿಂದ ಕಾಪಾಡಿಕೊಳ್ಳುವ ಎಚ್ಚರವೂ ಇರುತ್ತಿತ್ತು. ಈಗ ಮದುವೆ, ಗೃಹಪ್ರವೇಶ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ ಎಲ್ಲವೂ ಅಂಚೆಚೀಟಿಯಷ್ಟು ಅಗಲದ ಒಂದು ಕಾರ್ಡಿನೊಳಗೆ ಅಡಗಿ ಕುಳಿತಿರುತ್ತವೆ. ಅದು ಕೈಕೊಟ್ಟ ದಿನವೇ ನಮಗೆ ಅದರ ಬೆಲೆ ತಿಳಿಯುವುದು.

ಈ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಮಂಜೇಶ್ವರದ ಕಡೆಯ ಸೋದರಿಯೊಬ್ಬರದು ಇಂಥದೇ ಒಂದು ಸಂಕಟ. ಅತ್ತೆಯವರ ಕೊನೆಯ ದೀಪಾವಳಿಯ ಚಿತ್ರಗಳು ಕ್ಯಾಮರಾದ ಕಾರ್ಡಿನಲ್ಲಿವೆಯಂತೆ. ಮಗ ಅದನ್ನು ಕಂಪ್ಯೂಟರಿಗೆ ಹಾಕಿದರೆ, ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಪರದೆಯ ಮೇಲೆ ಬರುತ್ತದೆ. “ಹೌದು ಎಂದು ಒತ್ತಬಹುದೇ?” ಎಂಬುದು ಅವರ ಪ್ರಶ್ನೆ.

ಒತ್ತಬಾರದು. ಇದೇ ನಮ್ಮ ಮೊದಲ ಮಾತು. ಅಲ್ಲಿ ಎರಡು ಗುಂಡಿಗಳಿರುತ್ತವೆ. ‘ಕ್ಯಾನ್ಸಲ್’ ಎಂಬುದನ್ನೇ ಒತ್ತಿ ಹೊರಬನ್ನಿ. ಆ ಕಾರ್ಡಿನಿಂದ ಇನ್ನೊಂದು ಚಿತ್ರವನ್ನೂ ತೆಗೆಯಬೇಡಿ. ಕಂಪ್ಯೂಟರು ಕಾರ್ಡನ್ನು ಗುರುತಿಸಲಿಲ್ಲವೆಂದ ಮಾತ್ರಕ್ಕೆ ಚಿತ್ರಗಳು ನಾಶವಾದವೆಂದು ಅರ್ಥವಲ್ಲ. ಹಳ್ಳಿಯ ಶಾನುಭೋಗರ ಖಾತೆಪುಸ್ತಕ ಹರಿದುಹೋದರೆ ಯಾವ ಹೊಲ ಯಾರದೆಂಬುದು ತಿಳಿಯದೆ ಹೋಗುತ್ತದೆಯೇ ಹೊರತು ಹೊಲಗಳು ಇದ್ದಲ್ಲಿಯೇ ಇರುತ್ತವೆ. ಕಾರ್ಡಿನಲ್ಲಿಯೂ ಹಾಗೆಯೇ. ಯಾವ ಚಿತ್ರ ಎಲ್ಲಿದೆಯೆಂದು ಹೇಳುವ ಒಂದು ಪಟ್ಟಿ ಬೇರೆ, ಚಿತ್ರಗಳು ಬೇರೆ. ಅನೇಕ ವೇಳೆ ಕೆಟ್ಟಿರುವುದು ಪಟ್ಟಿ ಮಾತ್ರ. ಆದರೆ ಹೊಸದಾಗಿ ಏನನ್ನಾದರೂ ಬರೆದರೆ ಅದು ಹಳೆಯ ಚಿತ್ರಗಳ ಮೇಲೆಯೇ ಕುಳಿತುಬಿಡಬಹುದು. ಫಾರ್ಮ್ಯಾಟಿನಲ್ಲಿಯೂ ಎರಡು ಬಗೆ. ಕ್ಷಿಪ್ರ ಬಗೆಯದು ಪಟ್ಟಿಯನ್ನಷ್ಟೇ ಹೊಸದು ಮಾಡುತ್ತದೆ. ಪೂರ್ಣ ಬಗೆಯದಾದರೋ ವಿಂಡೋಸ್ ವಿಸ್ಟಾದಿಂದ ಈಚೆಗೆ ಇಡೀ ಕಾರ್ಡಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಅದಾದ ಮೇಲೆ ಹುಡುಕಲು ಏನೂ ಉಳಿಯುವುದಿಲ್ಲ.

ಇನ್ನು ದೋಷ ಎಲ್ಲಿದೆಯೆಂದು ಕ್ರಮವಾಗಿ ನೋಡೋಣ. ಕಾರ್ಡನ್ನು ಮರಳಿ ಕ್ಯಾಮರಾಕ್ಕೆ ಹಾಕಿ, ಚಿತ್ರ ನೋಡುವ ಗುಂಡಿಯನ್ನು ಒತ್ತಿರಿ. ಅಲ್ಲಿ ಚಿತ್ರಗಳು ಕಾಣಿಸಿದರೆ ಅರ್ಧ ಚಿಂತೆ ಕಳೆಯಿತು. ಕಾರ್ಡು ಸರಿಯಾಗಿದೆ, ತೊಂದರೆ ಕಂಪ್ಯೂಟರಿನ ಕಡೆಯದು. ಆಗ ಕ್ಯಾಮರಾವನ್ನೇ ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಚಿತ್ರಗಳನ್ನು ಇಳಿಸಿಕೊಳ್ಳಬಹುದು. ಕ್ಯಾಮರಾ ಚಾಲೂ ಇರಬೇಕು, ಬ್ಯಾಟರಿ ತುಂಬಿರಬೇಕು. ತಂತಿಯ ವಿಷಯದಲ್ಲಿಯೂ ಎಚ್ಚರ ಬೇಕು. ಕೆಲವು ತಂತಿಗಳೊಳಗೆ ವಿದ್ಯುತ್ತು ಸಾಗಿಸುವ ಎಳೆಗಳು ಮಾತ್ರ ಇರುತ್ತವೆ, ಮಾಹಿತಿ ಸಾಗಿಸುವ ಎಳೆಗಳೇ ಇರುವುದಿಲ್ಲ. ಅಂಥದರಲ್ಲಿ ಬ್ಯಾಟರಿ ತುಂಬೀತು, ಚಿತ್ರ ಬಾರದು.

ಕ್ಯಾಮರಾದಲ್ಲಿ ಕಂಡು ಕಂಪ್ಯೂಟರಿನಲ್ಲಿ ಕಾಣದಿರುವುದಕ್ಕೆ ಬಹುಸಾಮಾನ್ಯ ಕಾರಣವೊಂದಿದೆ. ಅದು ತಲೆಮಾರಿನ ಅಂತರ. ಎಸ್‌ಡಿ ಕಾರ್ಡು ಬಂದುದು 1999ರಲ್ಲಿ. ಮೊದಲ ತಲೆಮಾರಿನದು 2 ಜಿಬಿಯವರೆಗೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿಯವರೆಗೆ. 2009ರಲ್ಲಿ ಪ್ರಕಟವಾದ ಎಸ್‌ಡಿಎಕ್ಸ್‌ಸಿ ಅದಕ್ಕೂ ಮೇಲೆ 2 ಟಿಬಿಯವರೆಗೆ. ಹೊರನೋಟಕ್ಕೆ ಮೂರೂ ಒಂದೇ ಅಳತೆಯವು. ಹಳೆಯ ಕಿಂಡಿಯೊಳಗೆ ಹೊಸದೂ ಸಲೀಸಾಗಿ ಕೂರುತ್ತದೆ. ಹೊಸ ರೀಡರು ಹಳೆಯ ಕಾರ್ಡನ್ನು ಓದಬಲ್ಲುದು, ಆದರೆ ಹಳೆಯ ರೀಡರು ಹೊಸ ಕಾರ್ಡನ್ನು ಓದಲಾರದು. ಇದರ ಜೊತೆಗೆ ಎಸ್‌ಡಿಎಕ್ಸ್‌ಸಿ ಕಾರ್ಡಿನ ಪಟ್ಟಿಯನ್ನು ಬರೆಯುವ ಕ್ರಮವೂ ಬೇರೆ; ಅದಕ್ಕೆ ಎಕ್ಸ್‌ಫ್ಯಾಟ್ ಎಂದು ಹೆಸರು. ವಿಂಡೋಸ್ ಎಕ್ಸ್‌ಪಿಯಂತಹ ಹಳೆಯ ವ್ಯವಸ್ಥೆಗೆ ಪ್ರತ್ಯೇಕ ಜೋಡಣೆಯಿಲ್ಲದೆ ಅದು ಅರ್ಥವಾಗುವುದಿಲ್ಲ. ಆಗಲೂ ಅದು ಕೇಳುವುದು ‘ಫಾರ್ಮ್ಯಾಟ್ ಮಾಡಲೇ?’ ಎಂದೇ. ತನಗೆ ಓದಲು ಬಾರದ ಲಿಪಿಯ ಕಾಗದವನ್ನು ಖಾಲಿ ಕಾಗದವೆಂದು ಎಸೆಯಹೊರಟಂತೆ ಇದು. ಗಡಿನಾಡಿನಲ್ಲಿ ಬಾಳುವ ನಮಗೆ ಈ ಪರಿಯ ಅನುಭವ ಹೊಸತೇನೂ ಅಲ್ಲ! ಕಾರ್ಡಿನ ಮೇಲಿನ ಗುರುತನ್ನು ನೋಡಿಕೊಂಡು, ಅದಕ್ಕೆ ಹೊಂದುವ ಹೊಸ ರೀಡರನ್ನು ತಂದು, ಸಾಧ್ಯವಾದರೆ ಬೇರೊಂದು ಹೊಸ ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು ಉಚಿತ.

ಮೊಬೈಲಿನಲ್ಲಿ ಬಳಸುವ ಪುಟ್ಟ ಕಾರ್ಡನ್ನು ದೊಡ್ಡ ಚಿಪ್ಪಿನೊಳಗಿಟ್ಟು ಬಳಸುವವರು ಆ ಚಿಪ್ಪನ್ನೇ ಬದಲಿಸಿ ನೋಡಬೇಕು; ಅದು ಸವೆಯುವುದುಂಟು. ಕಾರ್ಡಿನ ಪಕ್ಕದಲ್ಲಿರುವ ಸಣ್ಣ ಚಿಲಕದ ಬಗ್ಗೆ ಅನೇಕರಿಗೆ ತಪ್ಪು ತಿಳಿವಳಿಕೆಯಿದೆ. ಅದು ಬರೆಯುವುದನ್ನು ತಡೆಯುತ್ತದೆಯೇ ವಿನಾ ಓದುವುದನ್ನು ತಡೆಯುವುದಿಲ್ಲ. ಇಂಥ ಹೊತ್ತಿನಲ್ಲಿ ಅದನ್ನು ‘ಲಾಕ್’ ಕಡೆಗೆ ಸರಿಸಿಟ್ಟುಕೊಳ್ಳುವುದೇ ಕ್ಷೇಮ.

ಕ್ಯಾಮರಾದಲ್ಲಿಯೂ ಕಾರ್ಡು ಕಾಣದಿದ್ದರೆ ಅದರ ಬೆನ್ನನ್ನು ನೋಡಿರಿ. ಅಲ್ಲಿರುವ ಹೊಂಬಣ್ಣದ ಪಟ್ಟಿಗಳ ಮೂಲಕವೇ ಎಲ್ಲ ಸಂಪರ್ಕ. ಕಡಲ ತೀರದ ನಮ್ಮ ಊರುಗಳಲ್ಲಿ ಮಳೆಗಾಲದ ತೇವ, ಉಪ್ಪುಗಾಳಿ, ಬೆರಳಿನ ಬೆವರು ಸೇರಿ ಅವುಗಳ ಮೇಲೆ ಪೊರೆ ಕಟ್ಟುತ್ತದೆ. ಒಣಗಿದ ಮೆದು ಹತ್ತಿಬಟ್ಟೆಯಿಂದ ನಯವಾಗಿ ಒರಸಿರಿ. ಹೋಗದಿದ್ದರೆ ಬಟ್ಟೆಗೆ ಒಂದೆರಡು ಹನಿ ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರಸಿ, ಪೂರ್ತಿ ಆರಿದ ಮೇಲೆ ಹಾಕಿ ನೋಡಿರಿ. ನೀರು, ಬ್ಲೇಡು, ಉಜ್ಜುಕಾಗದ ಇವು ಯಾವುವೂ ಕೂಡದು.

ಆ ಬಳಿಕ ಕಂಪ್ಯೂಟರಿನೊಳಗೆ ಒಂದು ಪರೀಕ್ಷೆ. ವಿಂಡೋಸಿನ ‘ಸ್ಟಾರ್ಟ್’ ಗುಂಡಿಯ ಮೇಲೆ ಇಲಿಯ ಬಲಗುಂಡಿಯನ್ನು ಒತ್ತಿದರೆ ಬರುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬುದಿರುತ್ತದೆ. ಅದನ್ನು ತೆರೆದರೆ ಮೂರರಲ್ಲಿ ಒಂದು ಸ್ಥಿತಿ ಕಂಡೀತು. ಮೊದಲನೆಯದು, ಕಾರ್ಡು ತನ್ನ ಸರಿಯಾದ ಅಳತೆಯೊಡನೆ ಇದೆ, ಆದರೆ ಅದಕ್ಕೆ ಅಕ್ಷರದ ಹೆಸರಿಲ್ಲ. ಅದರ ಮೇಲೆ ಬಲಗುಂಡಿ ಒತ್ತಿ, ಡ್ರೈವಿನ ಅಕ್ಷರವನ್ನು ಬದಲಿಸುವ ಸಾಲನ್ನು ಆರಿಸಿ ಒಂದು ಅಕ್ಷರ ಕೊಟ್ಟರೆ ಸಾಕು; ಚಿತ್ರಗಳು ಎದುರಿಗೆ ಬರುತ್ತವೆ. ಎರಡನೆಯದು, ಅಳತೆ ಸರಿಯಿದೆ, ಆದರೆ ‘ರಾ’ ಎಂದು ಬರೆದಿದೆ. ಕಾರ್ಡಿನ ಪಟ್ಟಿಯನ್ನು ಈ ಕಂಪ್ಯೂಟರು ಓದಲಾರದೆ ಹೋಗಿದೆ ಎಂದು ಇದರ ಅರ್ಥ. ಹೊಸ ಕಂಪ್ಯೂಟರಿನಲ್ಲಿಯೂ ಹೀಗೆಯೇ ಬಂದರೆ ಪಟ್ಟಿ ಕೆಟ್ಟಿದೆ ಎಂದು ತಿಳಿಯಬೇಕು. ಮೂರನೆಯದು, ಕಾರ್ಡು ಕಾಣುವುದೇ ಇಲ್ಲ, ಅಥವಾ ರೀಡರು ಖಾಲಿ ಎಂದು ಹೇಳುತ್ತದೆ. ರೀಡರು, ಕಂಪ್ಯೂಟರು ಎರಡನ್ನೂ ಬದಲಿಸಿದ ಮೇಲೂ ಹೀಗೇ ಇದ್ದರೆ ಕಾರ್ಡಿನೊಳಗಿನ ನಿಯಂತ್ರಕವೇ ಕೆಟ್ಟಿರುವ ಸಂಭವ ಹೆಚ್ಚು.

ಎರಡನೆಯ ಸ್ಥಿತಿಗೆ ಮನೆಯಲ್ಲಿಯೇ ಮದ್ದುಂಟು. ಫೋಟೋರೆಕ್ ಎಂಬ ಉಚಿತ ತಂತ್ರಾಂಶವೊಂದಿದೆ. ಅದು ಹರಿದ ಖಾತೆಪುಸ್ತಕವನ್ನು ನಂಬದೆ ನೇರವಾಗಿ ಹೊಲಕ್ಕೇ ಇಳಿಯುತ್ತದೆ. ಪ್ರತಿಯೊಂದು ಜೆಪೆಗ್ ಚಿತ್ರವೂ ಒಂದೇ ಬಗೆಯ ಗುರುತಿನಿಂದ ಆರಂಭವಾಗುವುದರಿಂದ, ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿ ಆ ಗುರುತು ಕಂಡಲ್ಲೆಲ್ಲ ಒಂದೊಂದು ಚಿತ್ರವನ್ನು ಎತ್ತಿಕೊಡುತ್ತದೆ. ಹಳೆಯ ಹೆಸರುಗಳು ಬರುವುದಿಲ್ಲ. ತುಂಡುತುಂಡಾಗಿ ಬೇರೆಬೇರೆ ಕಡೆ ಬರೆಯಲ್ಪಟ್ಟ ಚಿತ್ರಗಳು ಪೂರ್ಣವಾಗಿ ಸಿಗದಿರಬಹುದು. ಎತ್ತಿದ ಚಿತ್ರಗಳನ್ನು ಕಂಪ್ಯೂಟರಿನ ಡಿಸ್ಕಿನಲ್ಲಿಯೇ ಇಡಬೇಕು, ಅದೇ ಕಾರ್ಡಿನಲ್ಲಿ ಎಂದಿಗೂ ಇಡಕೂಡದು. ‘ಚೆಕ್‌ಡಿಸ್ಕ್’ ಎಂಬ ದುರಸ್ತಿ ಕ್ರಮವನ್ನು ಕೆಲವರು ಮೊದಲೇ ನಡೆಸುತ್ತಾರೆ. ಅದು ಪಟ್ಟಿಯನ್ನು ತಿದ್ದುವ ಭರದಲ್ಲಿ ಉಳಿದ ಸುಳಿವನ್ನೂ ಅಳಿಸಿಬಿಡಬಹುದು. ಆದಕಾರಣ ಚಿತ್ರಗಳು ಕೈಸೇರಿದ ಮೇಲಷ್ಟೇ ಅದು.

ಮೂರನೆಯ ಸ್ಥಿತಿಯಲ್ಲಿ ಮಾತ್ರ ಮಾಹಿತಿ ಮರಳಿಸುವ ಕಸುಬಿನವರ ಬಳಿಗೆ ಹೋಗಬೇಕು, ಖರ್ಚು ಸಾಕಷ್ಟಾಗುತ್ತದೆ. ಯಾವ ಅಂಗಡಿಗೇ ಹೋಗಲಿ, ಕಾರ್ಡನ್ನು ಕೊಡುವ ಮುನ್ನ ಅವರಿಗೆ ತಿಳಿಯುವ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿರಿ: ‘ನಮಗೆ ಕಾರ್ಡು ಬೇಡ, ಅದರೊಳಗಿನ ಚಿತ್ರಗಳು ಬೇಕು.’ ಕಾರ್ಡನ್ನು ‘ಸರಿಮಾಡಿ’ ಕೊಡಿ ಎಂದರೆ ಫಾರ್ಮ್ಯಾಟ್ ಮಾಡಿ ಸರಿಮಾಡಿದೆವು ಎಂದಾರು. ಅವರ ದೃಷ್ಟಿಯಲ್ಲಿ ಅದೂ ಸರಿಯೇ. ಕಾರ್ಡು ಕೆಲಸ ಮಾಡುತ್ತದೆ, ಅತ್ತೆಯವರ ಮುಖ ಮಾತ್ರ ಇರುವುದಿಲ್ಲ.

ಒಮ್ಮೆ ಹೀಗೆ ಕೈಕೊಟ್ಟ ಕಾರ್ಡನ್ನು ಮತ್ತೆ ಮುಖ್ಯ ಸಮಾರಂಭಗಳಿಗೆ ನಂಬಬಾರದು. ಅತಿ ಅಗ್ಗಕ್ಕೆ ಸಿಗುವ ಕಾರ್ಡುಗಳಲ್ಲಿ ನಕಲಿಗಳೂ ಇವೆ. 64 ಜಿಬಿ ಎಂದು ಹೊರಗೆ ಬರೆದು ಒಳಗೆ ಅದರ ಒಂದು ಪಾಲನ್ನಷ್ಟೇ ಇಟ್ಟಿರುತ್ತಾರೆ. ಆ ಪಾಲು ತುಂಬಿದ ಮೇಲಿನ ಚಿತ್ರಗಳು ಹಾಳಾಗುತ್ತವೆ. ಕಂಪ್ಯೂಟರಿನಿಂದ ಕಾರ್ಡನ್ನು ತೆಗೆಯುವಾಗ ‘ಇಜೆಕ್ಟ್’ ಎಂದು ಹೇಳಿಯೇ ತೆಗೆಯಬೇಕು. ಕ್ಯಾಮರಾದ ಕೆಂಪು ದೀಪ ಮಿನುಗುತ್ತಿರುವಾಗ ಬಾಗಿಲು ತೆರೆಯಬಾರದು. ಫಾರ್ಮ್ಯಾಟ್ ಮಾಡುವುದಿದ್ದರೆ, ಚಿತ್ರಗಳನ್ನು ಇಳಿಸಿಕೊಂಡ ಬಳಿಕ ಕ್ಯಾಮರಾದಲ್ಲಿಯೇ ಮಾಡುವುದು ಲೇಸು.

ಎಲ್ಲಕ್ಕಿಂತ ಮಿಗಿಲಾದುದು, ಸಮಾರಂಭ ಮುಗಿದ ವಾರದೊಳಗೆ ಚಿತ್ರಗಳನ್ನು ಎರಡು ಕಡೆ ನಕಲಿಸಿಡುವ ಅಭ್ಯಾಸ. ಒಂದು ಮನೆಯ ಕಂಪ್ಯೂಟರಿನಲ್ಲಿರಲಿ, ಇನ್ನೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಆಯ್ದ ಹತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ಇಸವಿಗಳನ್ನು ಕನ್ನಡದಲ್ಲಿ ಬರೆದಿಡಿ. ನಮ್ಮ ಹಿರಿಯರ ಮುಖ, ಅವರು ಉಟ್ಟ ರೀತಿ, ನಾವು ಕಲಿತ ಕನ್ನಡ ಶಾಲೆಯ ಕಟ್ಟಡ, ಊರ ಗುಡಿಯ ಮುಂದಿನ ಶಾಸನದ ಕಲ್ಲು ಇವುಗಳನ್ನು ನಮಗಾಗಿ ಬೇರೆ ಯಾರೂ ಕಾದಿಡುವುದಿಲ್ಲ.

ಪತ್ರ ಬರೆದ ಸೋದರಿಗೆ ನಮ್ಮ ಸಲಹೆಯಿಷ್ಟು: ಕಾರ್ಡಿನ ಚಿಲಕವನ್ನು ‘ಲಾಕ್’ ಕಡೆಗೆ ಸರಿಸಿ, ಮೊದಲು ಹೊಸ ರೀಡರಿನಲ್ಲಿ ನೋಡಿರಿ; ‘ರಾ’ ಎಂದೇ ಬಂದರೆ ಫೋಟೋರೆಕ್ ಬಳಸಿರಿ. ಅವಸರ ಮಾಡದಿದ್ದರೆ ಆ ದೀಪಾವಳಿಯ ಚಿತ್ರಗಳು ಮರಳಿ ಸಿಗುವ ಭರವಸೆ ಬಹಳಷ್ಟಿದೆ.