ಸರಾಸರಿಯ ಮರೆಯಲ್ಲಿ ನಿರುದ್ಯೋಗಿ

ಉದ್ಯೋಗ ತರಬೇತಿಯ ಸಾಧನೆಯನ್ನು ನಾವು ಸಾಮಾನ್ಯವಾಗಿ ಎರಡು ಸಂಖ್ಯೆಗಳಿಂದ ಅಳೆಯುತ್ತೇವೆ: ತರಬೇತಿ ಪಡೆದವರೆಷ್ಟು, ಕೆಲಸಕ್ಕೆ ಸೇರಿದವರೆಷ್ಟು. 2014ರ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಗಳ ಚರ್ಚೆಯೂ ಹೆಚ್ಚಾಗಿ ಇವುಗಳ ಸುತ್ತಲೇ ಸುಳಿಯುತ್ತದೆ. ಈ ಅಳತೆಗೋಲು ಸಾಲದು ಎಂಬುದು ನನ್ನ ವಾದ.

ತರಬೇತಿಯಿಲ್ಲದೆಯೂ ಕೆಲಸ ಗಳಿಸಬಲ್ಲ ಪದವೀಧರರನ್ನು ಸೇರಿಸಿಕೊಂಡ ಕೇಂದ್ರದ ಲೆಕ್ಕ ಸುಲಭವಾಗಿ ತುಂಬುತ್ತದೆ. ಶಾಲೆ ಬಿಟ್ಟು ಹತ್ತು ವರ್ಷ ಬೀಡಿ ಕಟ್ಟಿದ ಹೆಣ್ಣುಮಗಳನ್ನು ಸೇರಿಸಿಕೊಂಡ ಕೇಂದ್ರದ ಲೆಕ್ಕ ಹಾಗೆ ತುಂಬುವುದಿಲ್ಲ. ಆದರೂ ತರಬೇತಿಯ ನಿಜವಾದ ಫಲ ಈ ಎರಡನೆಯ ಕಡೆಯೇ ಹೆಚ್ಚಿರಬಹುದು. ತರಬೇತಿ ದೊರೆಯದಿದ್ದರೆ ಆಕೆಯ ಸ್ಥಿತಿ ಏನಾಗಿರುತ್ತಿತ್ತು ಎಂಬ ಹೋಲಿಕೆಯಿಲ್ಲದೆ ಫಲವನ್ನು ನಿರ್ಣಯಿಸಲಾಗದು.

ಅಮೆರಿಕದಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ನಡೆದ ‘ನ್ಯಾಷನಲ್ ಸಪೋರ್ಟೆಡ್ ವರ್ಕ್’ ಪ್ರಯೋಗ ಇದಕ್ಕೆ ನಿದರ್ಶನ. ಅಲ್ಲಿ ಅರ್ಹರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮಾತ್ರ ಮೇಲ್ವಿಚಾರಣೆಯುಳ್ಳ ಕೆಲಸ ಕೊಡಲಾಯಿತು. ದೀರ್ಘಕಾಲ ಸರ್ಕಾರಿ ನೆರವಿನಲ್ಲಿದ್ದ ತಾಯಂದಿರ ಗಳಿಕೆ ಗಮನಾರ್ಹವಾಗಿ ಏರಿತು. ಶಾಲೆ ಬಿಟ್ಟ ತರುಣರಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಎಲ್ಲರನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ ಈ ಎರಡೂ ಸತ್ಯಗಳು ಮರೆಯಾಗುತ್ತಿದ್ದವು. 1986ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಲಾಲೋಂಡ್ ಇದೇ ಪ್ರಯೋಗದ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿ, ಚೀಟಿ ಎತ್ತಿ ಆರಿಸಿದ ಗುಂಪಿನ ಬದಲು ಬೇರೆ ಸಮೀಕ್ಷೆಗಳ ಜನರೊಡನೆ ಹೋಲಿಸಿದಾಗ ಉತ್ತರ ಹೇಗೆ ದಾರಿ ತಪ್ಪುತ್ತದೆಂದು ತೋರಿಸಿಕೊಟ್ಟರು.

ಕೆಲವರಿಗೆ ತರಬೇತಿ ನಿರಾಕರಿಸುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಸ್ಥಾನಗಳಿಗಿಂತ ಅರ್ಜಿಗಳು ಹೆಚ್ಚಿರುವಲ್ಲಿ ಯಾರಿಗಾದರೂ ನಿರಾಕರಣೆ ತಪ್ಪದು. ಶಿಫಾರಸಿಗಿಂತ ಚೀಟಿಯೇ ನ್ಯಾಯವಾದುದು.

ಕಾಸರಗೋಡಿನಂಥ ಗಡಿನಾಡಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಇಂದಿಗೂ ಕನ್ನಡ ಮಾಧ್ಯಮದಲ್ಲಿ ಕಲಿತು ಬರುವವರಿದ್ದಾರೆ. ಅವರಿಗೆ ಪಾಠ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ನಡೆದರೆ, ಎಡವಿದ್ದು ಕೈಯೋ ಭಾಷೆಯೋ ಎಂದು ತಿಳಿಯುವ ಬಗೆ ಹೇಗೆ? ಮಾಧ್ಯಮವನ್ನು ದಾಖಲಿಸದ ವರದಿ, ಭಾಷೆಯ ತೊಡಕನ್ನು ಕಲಿಯುವವರ ದಡ್ಡತನವೆಂದು ಬರೆದುಬಿಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಆದ್ದರಿಂದ ಪ್ರತಿಯೊಂದು ವರದಿಯೂ ಮೂರು ಅಂಶಗಳನ್ನು ಹೇಳಬೇಕು: ಬಂದವರು ಯಾರು, ಯಾವ ಭಾಷೆಯಲ್ಲಿ ಕಲಿತರು, ವರ್ಷದ ಬಳಿಕ ಎಲ್ಲಿದ್ದಾರೆ. ಪದದ ಅರ್ಥವನ್ನು ಸಂದರ್ಭದಿಂದ ಬಿಡಿಸಲು ಕಲಿಯುತ್ತಿರುವ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಸಂಖ್ಯೆಗಳನ್ನೂ ಹಾಗೆಯೇ ಓದಲಿ. ಈ ಮೂರು ಪ್ರಶ್ನೆಗಳನ್ನು ಎಲ್ಲೆಡೆ ಕೇಳಲಿ.